ಮೈಕ್ ಮಷಿನ್ ಮೇಲೆ ಚಿತ್ರ ಇರಬೇಕೋ, ಅಕ್ಷರ ಇರಬೇಕೋ? ಮುಧೋಳ ಕಡೆಯ ಒಂದು ಭವನದ ಪ್ರಕರಣ

ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭಾ ನದಿಗೆ ಹತ್ತಿರ ಒಂದು ಊರು. ಹೆಸರು ಇಲ್ಲಿ ಬೇಡ. ಆ ಊರಿನ ಗುಡಿಗೆ ಸೇರಿದ ಸಮುದಾಯ ಭವನಕ್ಕೆ ಹೊಸ ಮಿಕ್ಸರ್ ಆಂಪ್ಲಿಫೈಯರ್ ತಂದರು, ಅಂದರೆ ಹಲವು ಮೈಕ್‌ಗಳ ಸದ್ದು ಕೂಡಿಸಿ, ಜೋರು ಮಾಡಿ ಸ್ಪೀಕರ್‌ಗೆ ಕಳಿಸೋ ಮಷಿನ್. ಹಳೆಯದು ಇನ್ನೂ ಗಟ್ಟಿಯಾಗಿಯೇ ಇತ್ತು, ಆದರೆ ಅದಕ್ಕೆ ಪೆನ್‌ಡ್ರೈವ್ ಹಾಕೋಕೆ ಬರುತ್ತಿರಲಿಲ್ಲ, ಕಾರ್ಡ್‌ಲೆಸ್ ಮೈಕ್ ಸೇರಿಸಿದರೆ ಉಳಿದವಕ್ಕೆ ಜಾಗ ಸಾಲುತ್ತಿರಲಿಲ್ಲ. ಹೊಸದು ಬಂದ ಕೆಲವೇ ದಿನಕ್ಕೆ ಕಮಿಟಿಯವರಿಂದ ಫೋನ್: ಮಷಿನ್ ಸರಿ ಇಲ್ಲ, ವಾಪಸ್ ಕೊಡಿಸಿ. ಸೌಂಡ್ ಸಿಸ್ಟಮ್ ಕೂಡಿಸೋದು, ರಿಪೇರಿ ಮಾಡೋದು ನನ್ನ ಕೆಲಸ. ಹೋಗಿ ಪ್ರತಿಯೊಂದು ಚಾನೆಲ್, ಅಂದರೆ ಒಂದೊಂದು ಮೈಕ್‌ನ ಸದ್ದು ಬರೋ ದಾರಿ, ಚೆಕ್ ಮಾಡಿದೆ. ಮಷಿನ್ ಒಳಗೆ ಏನೂ ಕೆಟ್ಟಿರಲಿಲ್ಲ. ತೊಂದರೆ ಇದ್ದದ್ದು ಮುಂದಿನ ಪ್ಯಾನೆಲ್ ಮೇಲೆ. ಅಲ್ಲಿ ಒಂದೇ ಒಂದು ಪದ ಬರೆದಿರಲಿಲ್ಲ, ಇದ್ದದ್ದೆಲ್ಲ ಚಿತ್ರ.

ಈ ಪ್ರಕರಣದಿಂದ ನನಗೆ ಪಕ್ಕಾ ಆದ ಒಂದು ಮಾತನ್ನ ಮೊದಲೇ ಹೇಳಿಬಿಡುತ್ತೇನೆ. ಹತ್ತು ಜನ ಮುಟ್ಟೋ ಮಷಿನ್‌ಗೆ, ಒಬ್ಬರು ಇನ್ನೊಬ್ಬರಿಗೆ ಕೂಗಿ ಹೇಳೋಕೆ ಬರೋ ಹೆಸರು ಗುಂಡಿಗುಂಡಿಗೂ ಬೇಕು. ಕಣ್ಣಿಗೆ ಚೆಂದ ಕಾಣೋ ಚಿತ್ರಕ್ಕೆ ಬಾಯಲ್ಲಿ ಹೆಸರಿಲ್ಲ ಅಂದರೆ ಅದು ಭವನದಲ್ಲಿ ಕೆಲಸಕ್ಕೆ ಬರೋದಿಲ್ಲ.

ಯಾರ್‍ಯಾರು ಮುಟ್ಟುತ್ತಾರೆ ಅಂತ ನೋಡಿ. ಶ್ರಾವಣ ಮಾಸ ಪೂರ್ತಿ ಅಲ್ಲಿ ಸಂಜೆ ಪುರಾಣ ನಡೆಯುತ್ತದೆ. ಶಾಸ್ತ್ರಿಗಳು ಹೇಳುತ್ತಾರೆ, ಗವಾಯಿಗಳು ಪೇಟಿ (ಹಾರ್ಮೋನಿಯಂ) ಹಿಡಿದು ಹಾಡುತ್ತಾರೆ, ಪಕ್ಕದಲ್ಲಿ ತಬಲಾ. ಸೋಮವಾರ ಹೆಣ್ಣುಮಕ್ಕಳ ಭಜನಾ ಮಂಡಳಿ. ನಡುವೆ ಸೀಮಂತ, ನಿಶ್ಚಯ, ಸ್ವಸಹಾಯ ಸಂಘದ ಸಭೆ, ಶಾಲೆ ಮಕ್ಕಳ ಕಾರ್ಯಕ್ರಮ. ಮಷಿನ್ ಮುಂದೆ ಕೂರೋದು ಒಂದು ದಿನ ಗುಡಿಯ ಹಿರಿಯ ಕಾಕಾ, ಒಂದು ದಿನ ಕಾಲೇಜಿಗೆ ಹೋಗೋ ಹುಡುಗ, ಒಂದು ದಿನ ಯಾರು ಖಾಲಿ ಇದ್ದಾರೋ ಅವರು. ಕಾಕಾಗೆ ಕನ್ನಡ ಓದೋಕೆ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಬರೋದಿಲ್ಲ. ಹುಡುಗನಿಗೆ ಎರಡೂ ಬರುತ್ತವೆ, ಮೊಬೈಲ್ ನೀರು ಕುಡಿದಷ್ಟು ಸಲೀಸು, ಆದರೆ ಮಿಕ್ಸರ್ ಅಂದರೆ ಏನು ಅಂತ ಗೊತ್ತಿಲ್ಲ.

ಹಳೆಯ ಮಷಿನ್ ಮೇಲೆ ಇಂಗ್ಲಿಷ್ ಅಕ್ಷರ ಇದ್ದವು, ಅದರಲ್ಲೂ ಅರ್ಧ ಅಳಿಸಿಹೋಗಿದ್ದವು. ಆದರೂ ಅಷ್ಟು ವರ್ಷ ಯಾರೂ ದೂರಲಿಲ್ಲ, ಯಾಕೆ? ಅದನ್ನ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೇ ಕಾಕಾ. ಎಡಗಡೆಯಿಂದ ಎಷ್ಟನೇದು ಏನು ಅಂತ ಅವರ ಕೈಗೆ ಗೊತ್ತಿತ್ತು. ದನಿಗೆ ಪ್ರತಿಧ್ವನಿ ಸೇರಿಸೋ ಎಕೋ ಗುಂಡಿ ಕೆಳಗಿನ ಇಂಗ್ಲಿಷ್ ಪದವನ್ನ ಅವರು ಓದುತ್ತಿರಲಿಲ್ಲ, ಅದರ ಆಕಾರ ಗುರುತು ಹಿಡಿಯುತ್ತಿದ್ದರು. ಒಬ್ಬರೇ ನಡೆಸೋ ಮಷಿನ್‌ಗೆ ಚಿತ್ರ ಇದ್ದರೂ ನಡೀತದೆ, ಅಕ್ಷರ ಇದ್ದರೂ ನಡೀತದೆ, ಏನೂ ಇಲ್ಲದಿದ್ದರೂ ನಡೀತದೆ. ಈಗ ಕೂರೋರು ಬದಲಾಗುತ್ತಿದ್ದರು, ಕೈಯ ನೆನಪು ಇಲ್ಲದವರು ಬಂದು ಕೂತಿದ್ದರು. ಅಲ್ಲಿಂದ ಶುರುವಾಯಿತು ಪಜೀತಿ.

ಹೊಸ ಪ್ಯಾನೆಲ್ ಹೀಗಿತ್ತು. ಮೇಲಿನ ಸಾಲಿನಲ್ಲಿ ಮೈಕ್ ಚಿತ್ರ, ಪಕ್ಕದಲ್ಲಿ ಒಂದರಿಂದ ಐದರವರೆಗೆ ಅಂಕಿ. ಪ್ರತಿ ಮೈಕ್‌ಗೆ ಒಂದು ಸಣ್ಣ ಬಟನ್, ಅದರ ಮೇಲೆ ಅಡ್ಡಗೆರೆ ಹೊಡೆದ ಮೈಕ್. ಕೆಳಗಿನ ಸಾಲಿನಲ್ಲಿ ಪಾಶ್ಚಾತ್ಯ ಸಂಗೀತದ ಎರಡು ಗುರುತು, ಒಂದರೊಳಗೊಂದು ವೃತ್ತ, ಕೊನೆಗೆ ಸ್ಪೀಕರ್ ಚಿತ್ರ. ಬಲಗಡೆ ಪೆನ್‌ಡ್ರೈವ್, ಬ್ಲೂಟೂತ್ ಇರೋ ಪ್ಲೇಯರ್. ಅದರ ಪಕ್ಕ ಸ್ಪೀಕರ್ ಲೈನ್ ಆರಿಸೋ ಬಟನ್‌ಗಳು, ಒಂದು ಚುಕ್ಕಿ, ಎರಡು ಚುಕ್ಕಿ, ಮೂರು ಚುಕ್ಕಿ.

ಎಲ್ಲ ಚಿತ್ರವೂ ಸೋತವು ಅಂತ ನಾನು ಹೇಳೋದಿಲ್ಲ. ಪ್ಲೇಯರ್ ಮೇಲಿನ ತ್ರಿಕೋನ, ಜೋಡಿ ಗೆರೆ, ಚೌಕ ಇವನ್ನ ಕಾಕಾ ಕೂಡ ತಡವರಿಸದೆ ಒತ್ತಿದರು. ಕ್ಯಾಸೆಟ್ ಕಾಲದ ಟೇಪ್ ರೆಕಾರ್ಡರ್ ಅವರಿಗೆ ಅದನ್ನ ಕಲಿಸಿತ್ತು. ಆ ಟೇಪ್ ರೆಕಾರ್ಡರ್‌ಗಳಲ್ಲಿ ಸಾಮಾನ್ಯವಾಗಿ ತ್ರಿಕೋನದ ಪಕ್ಕ ಪ್ಲೇ ಅಂತ, ಚೌಕದ ಪಕ್ಕ ಸ್ಟಾಪ್ ಅಂತ ಅಕ್ಷರವೂ ಇರುತ್ತಿತ್ತು. ಚಿತ್ರ ಮತ್ತು ಪದ ಎಷ್ಟೋ ವರ್ಷ ಜೊತೆಗೇ ಇದ್ದವು, ಜನ ಅಂಗಡಿಯಲ್ಲಿ, ಮನೆಯಲ್ಲಿ ಆ ಹೆಸರು ಹೇಳಿ ಹೇಳಿ ರೂಢಿ ಮಾಡಿಕೊಂಡರು. ಆಮೇಲೆ ಪದ ತೆಗೆದರೂ ಚಿತ್ರ ನಿಂತಿತು. ಮಿಕ್ಸರ್ ಮೇಲಿನ ಚಿತ್ರಗಳಿಗೆ ಅಂಥ ಕಾಲ ಸಿಕ್ಕೇ ಇಲ್ಲ.

ಈಗ ದೊಡ್ಡ ತೊಂದರೆ ನೋಡೋಣ. ಅಡ್ಡಗೆರೆ ಹೊಡೆದ ಮೈಕ್ ಬಟನ್. ಒತ್ತಿದರೆ ಆ ಮೈಕ್ ಬಂದ್ ಆಗುತ್ತದೆ, ಬಟನ್ ಕೆಂಪಗೆ ಹತ್ತುತ್ತದೆ. ಒಂದು ಸಂಜೆ ಶಾಸ್ತ್ರಿಗಳು ಮಾತು ಶುರು ಮಾಡಿದರು, ಸ್ಪೀಕರ್‌ನಲ್ಲಿ ಏನೂ ಬರಲಿಲ್ಲ. ಕಾಕಾ ಮಷಿನ್ ನೋಡಿದರು. ನನಗೆ ಆಮೇಲೆ ಅವರೇ ಹೇಳಿದ್ದು ಇದು: "ಕೆಂಪ ಲೈಟ್ ಹತ್ತಿತ್ರಿ. ಮೈಕ್ ಚಾಲೂ ಐತಿ, ವಯರ್ ಕಡದಿರಬೇಕ ಅನ್ಕೊಂಡ್ನಿರಿ." ವಯರ್ ಬದಲಾಯಿಸಿದರು, ಮೈಕ್ ಬದಲಾಯಿಸಿದರು. ಮೈಕ್ ಹೊಡೆದುಹೋಗಿದೆ ಅಂತ ಆ ದಿನ ಕಾರ್ಡ್‌ಲೆಸ್‌ನಲ್ಲೇ ಪುರಾಣ ಮುಗಿಸಿದರು. ಕಾಕಾ ಹಾಗೆ ತಿಳಿದದ್ದರಲ್ಲಿ ಯಾವ ತಪ್ಪೂ ಇಲ್ಲ. ನಮ್ಮ ಮನೆಗಳ ಸ್ವಿಚ್ ಬೋರ್ಡ್ ನೋಡಿ, ಇಂಡಿಕೇಟರ್ ಕೆಂಪಗೆ ಉರಿಯುತ್ತಿದ್ದರೆ ಕರೆಂಟ್ ಇದೆ ಅಂತ ಅರ್ಥ. ಗೀಸರ್ ಸ್ವಿಚ್, ಪಂಪ್‌ಸೆಟ್ ಸ್ಟಾರ್ಟರ್, ಇಸ್ತ್ರಿ ಪೆಟ್ಟಿಗೆ, ಎಲ್ಲ ಕಡೆ ಕೆಂಪು ಹತ್ತಿದೆ ಅಂದರೆ ಚಾಲೂ ಇದೆ ಅಂತಲೇ ಜನ ನೋಡಿ ಬೆಳೆದಿದ್ದಾರೆ. ಮಿಕ್ಸರ್ ಮಾಡಿದವರ ಲೆಕ್ಕದಲ್ಲಿ ಕೆಂಪು ಅಂದರೆ ತಡೆ.

ಇದರ ಒಳಗೆ ಇನ್ನೊಂದು ಗೊಂದಲ ಇದೆ. ಅಡ್ಡಗೆರೆ ಹೊಡೆದ ಮೈಕ್ ಚಿತ್ರ ಈಗಿನ ಸ್ಥಿತಿ ಹೇಳುತ್ತಿದೆಯಾ, ಅಥವಾ ಒತ್ತಿದರೆ ಏನಾಗುತ್ತದೆ ಅಂತ ಹೇಳುತ್ತಿದೆಯಾ? ಕಾಲೇಜು ಹುಡುಗ ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಲೈಟ್ ಆರಿರೋದನ್ನ ನೋಡಿ, ಚಿತ್ರದಲ್ಲಿ ಗೆರೆ ಇರೋದನ್ನ ನೋಡಿ, ಮೈಕ್ ಬಂದ್ ಇದೆ ಅಂತ ಒತ್ತಿದ. ಆಗ ನಿಜವಾಗಿ ಬಂದ್ ಆಯಿತು. ಪ್ಲೇಯರ್‌ನಲ್ಲಿ ಈ ಗೊಂದಲ ಅಷ್ಟು ಕಾಡೋದಿಲ್ಲ, ಹಾಡು ಕೇಳಿಸುತ್ತಿದೆಯೋ ಇಲ್ಲವೋ ಅಂತ ಕಿವಿಗೇ ಗೊತ್ತಾಗುತ್ತದೆ. ಯಾರೂ ಮಾತಾಡದ ಮೈಕ್ ಮಾತ್ರ ಚಾಲೂ ಇದ್ದರೂ ಸುಮ್ನೆ ಇರುತ್ತದೆ, ಬಂದ್ ಇದ್ದರೂ ಸುಮ್ನೆ ಇರುತ್ತದೆ.

ಕೆಳಗಿನ ಸಾಲಿನ ಕಥೆ ಬೇರೆ. ದಪ್ಪ ಸದ್ದು ಹೆಚ್ಚು ಕಡಿಮೆ ಮಾಡೋ ಬಾಸ್, ತೆಳು ಸದ್ದಿನ ಟ್ರೆಬಲ್ ಗುಂಡಿಗಳ ಮೇಲೆ ಇದ್ದದ್ದು ಬಾಸ್ ಕ್ಲೆಫ್, ಟ್ರೆಬಲ್ ಕ್ಲೆಫ್. ಐದು ಗೆರೆ ಎಳೆದು ಸ್ವರ ಬರೆಯೋ ಪದ್ಧತಿಯಲ್ಲಿ ತಗ್ಗಿನ ಸ್ವರಕ್ಕೆ ಒಂದು, ಏರು ಸ್ವರಕ್ಕೆ ಒಂದು ಗುರುತು ಹಾಕುತ್ತಾರೆ, ಅವು ಇವು. ಯುರೋಪಿನ ಹಳೆಯ ರೇಡಿಯೋಗಳಲ್ಲೂ ಈ ಗುರುತು ಬಳಸಿದ್ದಾರೆ. ಆ ಬರವಣಿಗೆ ಕಲಿತವರಿಗೆ ಇದಕ್ಕಿಂತ ಸ್ಪಷ್ಟ ಗುರುತು ಇಲ್ಲ. ನಮ್ಮ ಭಜನೆಯವರು ಸರಿಗಮ ಕಿವಿಯಿಂದ ಕಲಿತವರು. ಭಜನಾ ಮಂಡಳಿಯ ಅಕ್ಕನಿಗೆ ಟ್ರೆಬಲ್ ಕ್ಲೆಫ್ ಗಣಪತಿ ಸೊಂಡಿಲು ಕಂಡಿತು. ಬಾಸ್ ಕ್ಲೆಫ್ ಅವರ ಕಣ್ಣಿಗೆ ಕಿವಿ. ಕಿವಿ ಇದೆ ಅಂದಮೇಲೆ ಇದು ಹಾಡೋರಿಗೆ ಕೇಳಿಸೋ ಸ್ಪೀಕರ್‌ದು ಇರಬೇಕು ಅಂತ ಅದನ್ನ ಪೂರ್ತಿ ತಿರುವಿದ್ದರು. ಭವನ ಪೂರ್ತಿ ಗುಂಯ್ ಅನ್ನೋದು, ಮಾತು ತಿಳಿಯದೆ ಇರೋದು ಅಂತ ಬಂದಿದ್ದ ದೂರಿನ ಮೂಲ ಇದೇ.

ಎಕೋ ವಿಷಯದಲ್ಲಿ ನಾನೇ ಅಲ್ಲಿದ್ದೆ. ಸೋಮವಾರದ ಭಜನೆ. ಹುಡುಗ ಮಷಿನ್ ಮುಂದೆ, ಅಕ್ಕ ವೇದಿಕೆ ಮೇಲೆ.

"ಏ ತಮ್ಮಾ, ಎಕೋ ಬಾಳ ಆತು, ಕಡಿಮಿ ಮಾಡೋ."

"ಯಾವ ಗುಂಡಿ ಅಕ್ಕಾ?"

"ಎಕೋದ್ದೋ!"

"ಎಕೋ ಅಂತ ಎಲ್ಲೂ ಬರದಿಲ್ಲಕ್ಕಾ!"

ಎಕೋದ ಗುರುತು, ಅಂದರೆ ಒಂದರೊಳಗೊಂದು ವೃತ್ತ, ಅವನ ಬೆರಳ ಹತ್ತಿರವೇ ಇತ್ತು. ಅವನು ಮೊದಲು ಸ್ಪೀಕರ್ ಚಿತ್ರದ ಗುಂಡಿ ತಿರುವಿದ, ಮೈಕ್ ಕೂಯ್ ಅಂತ ಕೂಗಿತು. ಗಾಬರಿಯಲ್ಲಿ ವಾಪಸ್ ತಿರುವಿದ, ಎಲ್ಲ ನಿಂತುಹೋಯಿತು. ಇದೇ ನನ್ನ ಮುಖ್ಯ ಮಾತು. ಅಕ್ಕನ ಬಾಯಲ್ಲಿ ಹೆಸರು ಇತ್ತು, ಹುಡುಗನ ಕಣ್ಣೆದುರು ಚಿತ್ರ ಇತ್ತು, ಎರಡಕ್ಕೂ ಸಂಬಂಧ ಇರಲಿಲ್ಲ. "ವೃತ್ತದೊಳಗಿನ ವೃತ್ತ ಕಡಿಮಿ ಮಾಡು" ಅಂತ ಹಾಡಿನ ನಡುವೆ ಯಾರು ಕೂಗುತ್ತಾರೆ? ಒಬ್ಬರೇ ಕೂತು ಹಾಡು ಕೇಳೋ ಮನೆಯ ಸೆಟ್‌ಗೆ ಈ ತೊಂದರೆ ಇಲ್ಲ, ಅಲ್ಲಿ ಕೇಳೋ ಕಿವಿ, ತಿರುವೋ ಕೈ ಒಬ್ಬರದೇ. ಭವನದಲ್ಲಿ ಕಿವಿ ವೇದಿಕೆ ಮೇಲೆ, ಕೈ ಮೂಲೆಯಲ್ಲಿ.

ಕಂಪನಿಯವರು ಯಾಕೆ ಹೀಗೆ ಮಾಡುತ್ತಾರೆ ಅನ್ನೋದೂ ನನಗೆ ಗೊತ್ತು. ಒಂದೇ ಪ್ಯಾನೆಲ್ ಅಚ್ಚು ಹಾಕಿ ಹತ್ತು ದೇಶಕ್ಕೆ ಕಳಿಸಬಹುದು. ನಮ್ಮ ಸಂವಿಧಾನದ ಎಂಟನೇ ಅನುಸೂಚಿಯಲ್ಲೇ 22 ಭಾಷೆ ಇವೆ, ಎಲ್ಲಕ್ಕೂ ಬೇರೆ ಬೇರೆ ಪ್ಯಾನೆಲ್ ಮಾಡೋಕೆ ಆಗೋದಿಲ್ಲ. ಉಪಕರಣಗಳ ಮೇಲಿನ ಗುರುತುಗಳಿಗೆ ಐಇಸಿ 60417 ಅನ್ನೋ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಅದರ ಪ್ರಕಾರ ನಿಂತ ಗೆರೆ ಅಂದರೆ ಆನ್, ಸೊನ್ನೆ ಅಂದರೆ ಆಫ್, ಮೇಲೆ ಬಾಯಿ ತೆರೆದ ವೃತ್ತದಲ್ಲಿ ಗೆರೆ ಇದ್ದರೆ ಸ್ಟ್ಯಾಂಡ್‌ಬೈ. ಈ ಮಷಿನ್ ಮುಂದೆ ಇದ್ದದ್ದು ಆ ಸ್ಟ್ಯಾಂಡ್‌ಬೈ ಗುರುತು. ಅದನ್ನ ಒತ್ತಿದರೆ ಲೈಟ್ ಆರುತ್ತಿತ್ತು, ಒಳಗೆ ಟ್ರಾನ್ಸ್‌ಫಾರ್ಮರ್ ಬಿಸಿಯಾಗೇ ಇರುತ್ತಿತ್ತು. ಪೂರ್ತಿ ಬಂದ್ ಮಾಡೋ ಸ್ವಿಚ್ ಹಿಂದೆ ಇತ್ತು, ಗೋಡೆ ಕಡೆ. ಗುಡುಗು ಮಿಂಚಿನ ದಿನ ಇದು ಆಟವಲ್ಲ. "ರಾತ್ರಿ ಹೋಗುವಾಗ ಪ್ಲಗ್ ಕಿತ್ತು ಹೋಗಿ" ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಸಿದೆ. ಇಂಥದ್ದಕ್ಕೆ ಯಾವ ಚಿತ್ರವೂ ಸಾಲದು.

ಬ್ಲೂಟೂತ್ ಗುರುತು ಹುಡುಗರಿಗೆಲ್ಲ ಗೊತ್ತಿತ್ತು. ಹತ್ತನೇ ಶತಮಾನದ ಡೆನ್ಮಾರ್ಕ್ ರಾಜ ಹರಾಲ್ಡ್ ಬ್ಲೂಟೂತ್ ಹೆಸರಿನ ಮೊದಲಕ್ಷರಗಳನ್ನ ಅಲ್ಲಿನ ಹಳೆಯ ರೂನ್ ಲಿಪಿಯಲ್ಲಿ ಬರೆದು ಕೂಡಿಸಿದ ಗುರುತು ಅದು, ಹಾಗಾಗಿ ನೋಡಿದ ಕೂಡಲೇ ತಿಳಿಯೋ ಅರ್ಥ ಅದರಲ್ಲಿ ಏನೂ ಇಲ್ಲ. ಆದರೂ ಹಳ್ಳಿ ಹುಡುಗರು ಕಲಿತಿದ್ದಾರೆ. ಯಾಕಂದ್ರೆ ಮೊಬೈಲ್‌ನಲ್ಲಿ ಆ ಗುರುತಿನ ಪಕ್ಕ ಹೆಸರು ಇರುತ್ತದೆ, ದಿನಾ ಬಳಸುತ್ತಾರೆ, ಒಬ್ಬರಿಗೊಬ್ಬರು "ಬ್ಲೂಟೂತ್ ಆನ್ ಮಾಡೋ" ಅನ್ನುತ್ತಾರೆ.

ಸರಿ, ಏನು ಮಾಡಿದೆವು? ಮಷಿನ್ ವಾಪಸ್ ಕೊಡಲಿಲ್ಲ. ಮೊದಲು ಕಾಗದದ ಚೀಟಿ ಬರೆದು ಪ್ರತಿ ಗುಂಡಿ ಮೇಲೆ ಅಂಟಿಸಿದೆವು. ಆಮೇಲೆ ಕಾಕಾ, ಹುಡುಗ, ಭಜನೆಯ ಇಬ್ಬರು, ಶಾಲೆಯ ಮಾಸ್ತರು, ಹೀಗೆ ಒಬ್ಬೊಬ್ಬರನ್ನೇ ಮಷಿನ್ ಮುಂದೆ ಕೂರಿಸಿ, ವೇದಿಕೆಯಿಂದ ಅಕ್ಕನ ಕೈಲಿ ಕೂಗಿಸಿದೆವು: ಎಕೋ ಕಡಿಮಿ, ಪೇಟಿ ಜಾಸ್ತಿ, ಶಾಸ್ತ್ರಿಗಳ ಮೈಕ್ ಬಂದ್. ಯಾವ ಚೀಟಿ ಹುಡುಕೋಕೆ ಕಣ್ಣು ತಡವರಿಸುತ್ತದೋ ಅದನ್ನ ಬದಲಾಯಿಸಿದೆವು. ಪದಗಳನ್ನ ನಾನು ಆರಿಸಲಿಲ್ಲ, ಅವರು ಕೂಗೋ ಪದವನ್ನೇ ಬರೆದೆವು.

ಮೈಕ್‌ಗಳ ಮೇಲಿನ ಅಂಕಿ ಯಾರಿಗೂ ಉಪಯೋಗ ಆಗಲಿಲ್ಲ. ಮೂರನೇ ಮೈಕ್ ಯಾವುದು ಅಂತ ವೇದಿಕೆ ಮೇಲಿನವರಿಗೆ ಗೊತ್ತಿರೋದಿಲ್ಲ. ಆದ್ದರಿಂದ ಶಾಸ್ತ್ರಿಗಳು, ಪೇಟಿ, ತಬಲಾ, ಹಾಡೋರು, ಕಾರ್ಡ್‌ಲೆಸ್ ಅಂತ ಬರೆದೆವು. ಇದು ಹಳ್ಳಿಯವರಿಗೆ ಮಾಡಿಕೊಟ್ಟ ಸುಲಭ ಅಂತ ತಿಳೀಬೇಡಿ. ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಮೂವತ್ತು ನಲವತ್ತು ಚಾನೆಲ್ ನಡೆಸೋ ಸೌಂಡ್ ಎಂಜಿನಿಯರ್‌ಗಳು ಕೂಡ ಫೇಡರ್‌ಗಳ (ಸದ್ದು ಏರಿಸಿ ಇಳಿಸೋ ಜಾರುಗುಂಡಿಗಳ) ಉದ್ದಕ್ಕೂ ಬಿಳಿ ಟೇಪ್ ಎಳೆದು, ಪ್ರತಿ ಚಾನೆಲ್ ಕೆಳಗೆ ವಾದ್ಯದ ಹೆಸರು ಪೆನ್ನಿನಿಂದ ಬರೆದುಕೊಳ್ಳುತ್ತಾರೆ. ಈಗಿನ ಎಷ್ಟೋ ಡಿಜಿಟಲ್ ಮಿಕ್ಸರ್‌ಗಳಲ್ಲಿ ಅದೇ ಕೆಲಸಕ್ಕೆ ಪ್ರತಿ ಚಾನೆಲ್‌ಗೆ ಒಂದು ಪುಟ್ಟ ಪರದೆ ಇರುತ್ತದೆ. ಕಸುಬು ಚೆನ್ನಾಗಿ ಗೊತ್ತಿದ್ದವರೇ ಹೆಸರು ಬರೆದುಕೊಳ್ಳುತ್ತಾರೆ ಅಂದಮೇಲೆ ಹೊಸಬರಿಗೆ ಬೇಡವಾ?

ಚಿತ್ರ ಗೆದ್ದ ಜಾಗ ಒಂದಿದೆ, ಅದನ್ನೂ ಬರೆಯಬೇಕು. ಬಾಸ್, ಟ್ರೆಬಲ್ ಅಂತ ಕನ್ನಡ ಅಕ್ಷರದಲ್ಲಿ ಬರೆದರೂ ಭಜನೆಯವರು ಎರಡನ್ನೂ ಅದಲುಬದಲು ಮಾಡುತ್ತಿದ್ದರು. ಆಗ ಮಾಸ್ತರು ಒಂದರ ಮೇಲೆ ತಬಲಾ ಜೋಡಿಯ ಡಗ್ಗಾದ ಚಿತ್ರ, ಇನ್ನೊಂದರ ಮೇಲೆ ತಾಳದ ಚಿತ್ರ ಬರೆದರು. ಡಗ್ಗಾದ ಗುಮ್ಮ್ ಅನ್ನೋ ಸದ್ದು ಬಾಸ್, ತಾಳದ ಕಿಣಿಕಿಣಿ ಟ್ರೆಬಲ್. ನೋಡಿದ ಕೂಡಲೇ ಎಲ್ಲರಿಗೂ ಹೊಳೆಯಿತು. ಮರುವಾರಕ್ಕೆ ವೇದಿಕೆಯಿಂದ "ಡಗ್ಗಾ ಗುಂಡಿ ಸ್ವಲ್ಪ ಇಳಸ್ರಿ" ಅಂತ ಕೂಗು ಬಂತು. ಅಂದರೆ ಆ ಚಿತ್ರಕ್ಕೆ ಬಾಯಲ್ಲಿ ಹೆಸರು ಇತ್ತು, ಅದಕ್ಕೇ ನಡೆಯಿತು. ಅದರ ಕೆಳಗೆ ಬಾಸ್ ಅಂತ ಅಕ್ಷರವನ್ನೂ ಉಳಿಸಿದ್ದೇವೆ, ಹೊರಗಿಂದ ಬರೋ ಆರ್ಕೆಸ್ಟ್ರಾದವರಿಗೆ ಬೇಕಲ್ಲ.

ಮೈಕ್ ಬಂದ್ ಮಾಡೋ ಮ್ಯೂಟ್ ಬಟನ್‌ಗೆ ಚಿತ್ರ ಹುಡುಕೋಕೆ ಹೋಗಲೇ ಇಲ್ಲ. ಐದೂ ಬಟನ್ ಮೇಲೆ ಉದ್ದಕ್ಕೂ ಒಂದೇ ಸಾಲು: ಕೆಂಪು ಹತ್ತಿದರೆ ಮೈಕ್ ಬಂದ್. ಸ್ಥಿತಿಯನ್ನೇ ಬರೆದದ್ದು. ಸ್ಪೀಕರ್ ಲೈನ್‌ನ ಚುಕ್ಕಿಗಳ ಬದಲು ಒಳಗಿನ ಬಾಕ್ಸ್, ಹೊರಗಿನ ಭೋಂಗಾ, ಊಟದ ಮನೆ ಅಂತ ಬರೆದೆವು (ಭೋಂಗಾ ಅಂದರೆ ಕಹಳೆ ಆಕಾರದ ಸ್ಪೀಕರ್). ಇದಕ್ಕೆ ಇನ್ನೊಂದು ಕಾರಣವೂ ಇತ್ತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ, ಆದರೆ ಸಮುದಾಯ ಭವನದಂಥ ಮುಚ್ಚಿದ ಜಾಗದೊಳಗೆ ಒಳಗಿನವರಿಗೆ ಕೇಳಿಸುವಷ್ಟಕ್ಕೆ ವಿನಾಯಿತಿ ಇದೆ. ಪುರಾಣ ಹತ್ತು ದಾಟಿದರೆ ಭೋಂಗಾ ಮಾತ್ರ ಬಂದ್ ಮಾಡಿದರೆ ಸಾಕು. ಯಾವ ಚುಕ್ಕಿ ಭೋಂಗಾದು ಅಂತ ಗೊತ್ತಿಲ್ಲದೆ ಅವರು ಎಲ್ಲವನ್ನೂ ಬಂದ್ ಮಾಡಿ, ಹಿಂದೆ ಕೂತ ಮುದುಕರಿಗೆ ಕೇಳಿಸದ ಹಾಗೆ ಪುರಾಣ ಮುಗಿಸುತ್ತಿದ್ದರು.

ಅಕ್ಷರ ಬರೆಸೋದೂ ಸಲೀಸಲ್ಲ ಅನ್ನೋದನ್ನ ಇಲ್ಲಿ ಹೇಳಬೇಕು. ಎರಡು ಸಾಲು ಗುಂಡಿಗಳ ನಡುವೆ ಬೆರಳಗಲ ಜಾಗ. ಇಂಗ್ಲಿಷ್ ದೊಡ್ಡಕ್ಷರ ಒಂದೇ ಎತ್ತರದಲ್ಲಿ ನಿಲ್ಲುತ್ತವೆ, ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಶಾಸ್ತ್ರಿಗಳು ಅಂತ ಬರೆಯೋಕೆ ಹೋದರೆ "ಸ್ತ್ರಿ" ಒಂದೇ ಎರಡು ಒತ್ತು ಕೇಳುತ್ತದೆ. ಕಾಗದದ ಚೀಟಿ ಕೈ ಬೆವರಿಗೆ, ಎಣ್ಣೆ ಕುಂಕುಮಕ್ಕೆ ಎದ್ದುಬಂದವು. ಮುಧೋಳದಲ್ಲಿ ಗಾಡಿ ನಂಬರ್ ಪ್ಲೇಟ್‌ಗೆ ರೇಡಿಯಂ ಕತ್ತರಿಸೋ ಅಂಗಡಿಯಲ್ಲಿ ಹಳದಿ ರೇಡಿಯಂನಲ್ಲಿ ಮಾಡಿಸಿದೆವು. ತೆಳು ಅಕ್ಷರದ ಒತ್ತುಗಳು ಕಿತ್ತುಬಂದವು. ದಪ್ಪ ಅಕ್ಷರ ಆರಿಸಿ, ಅಕ್ಷರ ಒಂದೊಂದೇ ಕತ್ತರಿಸದೆ ಕಪ್ಪು ಪಟ್ಟಿ ಮೇಲೆ ಹಳದಿ ಅಕ್ಷರ ಕೂರಿಸಿ ಪಟ್ಟಿಯನ್ನೇ ಅಂಟಿಸಿದ ಮೇಲೆ ನಿಂತಿತು. ಪಟ್ಟಿ ಗುಂಡಿಯ ಮೇಲ್ಗಡೆಯೇ ಇರಬೇಕು. ಮಷಿನ್ ಕೆಳ ಟೇಬಲ್ ಮೇಲೆ ಇರುತ್ತದೆ, ನಿಂತು ನೋಡಿದರೆ ಗುಂಡಿಯ ಕೆಳಗಿನ ಬರಹವನ್ನ ಗುಂಡಿಯೇ ಮುಚ್ಚುತ್ತದೆ.

ಕೊನೆಗೆ ಒಬ್ಬರು ಉಳಿದರು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗವಾಯಿಗಳು ಈ ಭಾಗದ ಪುರಾಣಗಳಿಗೆ ಬರೋದು ಹೊಸದೇನಲ್ಲ. ಇಲ್ಲಿಗೂ ಒಬ್ಬರು ಬಂದಿದ್ದರು, ಕಾರ್ಯಕ್ರಮಕ್ಕೆ ಮುಂಚೆ ತಮ್ಮ ಪೇಟಿ ಮೈಕ್ ತಾವೇ ಹದ ಮಾಡಿಕೊಳ್ಳೋದು ಅವರ ರೂಢಿ. ಅವರಿಗೆ ಚಿತ್ರವೂ ಇಲ್ಲ, ಅಕ್ಷರವೂ ಇಲ್ಲ. ಪೇಟಿ ಗುಂಡಿಯ ಪಕ್ಕ ಎಂ-ಸೀಲ್ ಅನ್ನೋ ಗಟ್ಟಿಯಾಗೋ ಅಂಟಿನ ಒಂದು ಸಣ್ಣ ಉಂಡೆ, ಒಟ್ಟು ಸದ್ದಿನ ಮಾಸ್ಟರ್ ಗುಂಡಿ ಪಕ್ಕ ಎರಡು ಉಂಡೆ ಅಂಟಿಸಿದೆವು, ಗುಂಡಿಯ ತುದಿಗೂ ಒಂದು ಗೀರು ಮಾಡಿದೆವು, ಎಷ್ಟು ತಿರುಗಿದೆ ಅಂತ ಬೆರಳಿಗೆ ತಿಳಿಯಲಿ ಅಂತ. ಕರೆಂಟ್ ಹೋಗಿ ಜನರೇಟರ್ ಚಾಲೂ ಆಗೋವರೆಗಿನ ಕತ್ತಲಲ್ಲಿ ಮಾಸ್ಟರ್ ಇಳಿಸೋಕೆ ಈಗ ಕಾಕಾ ಕೂಡ ಆ ಉಂಡೆಗಳನ್ನೇ ಹುಡುಕುತ್ತಾರೆ.

ಬಗೆಹರಿಯದೆ ಉಳಿದದ್ದು ಪ್ಲೇಯರ್‌ನ ಒಂದು ಬಟನ್. ಅದನ್ನ ಸ್ವಲ್ಪ ಒತ್ತಿದರೆ ಪೆನ್‌ಡ್ರೈವ್‌ನಿಂದ ಬ್ಲೂಟೂತ್‌ಗೆ ಹೋಗುತ್ತದೆ, ಹಿಡಿದು ಒತ್ತಿದರೆ ಬೇರೆ ಏನೋ. ಒಂದು ಬಟನ್‌ಗೆ ಎರಡು ಮೂರು ಕೆಲಸ ಕೊಟ್ಟರೆ ಏನಂತ ಬರೆಯೋದು? ಪ್ರವಚನದ ನಡುವೆ ಯಾರದೋ ಫೋನ್ ಕೂಡಿಕೊಂಡು ಹಾಡು ಶುರುವಾದ ಮೇಲೆ ಕಮಿಟಿಯವರು ಅದರ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿದ್ದಾರೆ. ಮುಂದಿನ ಸಲ ಮಷಿನ್ ತರುವಾಗ ಮ್ಯೂಟ್ ಲೈಟ್ ಯಾವ ಬಣ್ಣ, ಗುಂಡಿ ಮೇಲೆ ಪಟ್ಟಿ ಅಂಟಿಸೋಕೆ ಎಷ್ಟು ಜಾಗ, ಒಂದು ಬಟನ್‌ಗೆ ಎಷ್ಟು ಕೆಲಸ ಅಂತ ಅಂಗಡಿಯಲ್ಲೇ ನೋಡಿ ತರೋಣ ಅಂತ ಮಾತಾಗಿದೆ.

ಪಕ್ಕದ ಊರಿನವರೂ ನಮಗೆ ಹಂಗ ಮಾಡಿಸಿಕೊಡ್ರಿ ಅಂತ ಬಂದಿದ್ದರು. ಅವರ ಮಷಿನ್ ಬೇರೆ, ಗುಂಡಿಗಳ ಅಳತೆ ಬೇರೆ, ಪಟ್ಟಿಗಳು ಕೂಡಲಿಲ್ಲ, ಹೊಸದಾಗಿಯೇ ಕತ್ತರಿಸಬೇಕಾಯಿತು. ಅಲ್ಲಿ ಭಜನೆಗಿಂತ ಕರಡಿ ಮಜಲು ಅನ್ನೋ ವಾದ್ಯಮೇಳ ಜೋರು, ಆದ್ದರಿಂದ ಬಾಸ್ ಗುಂಡಿ ಮೇಲೆ ಡಗ್ಗಾ ಬೇಡ, ಕರಡಿ ವಾದ್ಯ ಬರೆಸಿ ಅಂದರು. ಬರೆಸಿದ್ದೇವೆ.